ತೈಲ ಅಗ್ಗವಾದರೆ ತೈಲದ ಊರಿನಲ್ಲಿ ಮೊದಲು ನಿಲ್ಲುವುದು ಏನು?

ಕಚ್ಚಾ ತೈಲದ ಬೆಲೆ ಕುಸಿದಿದೆ ಎಂಬ ಸುದ್ದಿ ಬಂದರೆ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರಿಗೆ ಪೆಟ್ರೋಲ್ ಸ್ವಲ್ಪ ಇಳಿದೀತೇ ಎಂಬ ಆಸೆ. ಅದೇ ಸುದ್ದಿ ಭಟ್ಕಳದ ಅಥವಾ ಉಡುಪಿಯ ಎಷ್ಟೋ ಮನೆಗಳಲ್ಲಿ ಚಿಂತೆ ತರುತ್ತದೆ. ಮಗ ಸೌದಿಯ ದಮ್ಮಾಮಿನಲ್ಲಿದ್ದಾನೆ, ಅಳಿಯ ಕುವೈತಿನಲ್ಲಿದ್ದಾನೆ, ಅವರ ಕೆಲಸ ಏನಾಗುತ್ತದೋ ಎಂದು.

ತೈಲ ಕೊಳ್ಳುವವರಿಗೆ ಲಾಭ, ಮಾರುವವರಿಗೆ ನಷ್ಟ, ಇಷ್ಟೇ ಅಲ್ವಾ ಅನ್ನಿಸಬಹುದು. ಆದರೆ ದಮ್ಮಾಮಿನಲ್ಲಿ ವೈರಿಂಗ್ ಮಾಡುವವರು ತೈಲ ಮಾರುವುದಿಲ್ಲ. ಅಮೆರಿಕದ ತೈಲದ ಊರಿನಲ್ಲಿ ಹೋಟೆಲ್ ನಡೆಸುವವರೂ ಮಾರುವುದಿಲ್ಲ. ಬೆಲೆ ಬಿದ್ದರೂ ಬಾವಿಗಳಿಂದ ತೈಲ ಬರುತ್ತಲೇ ಇರುತ್ತದೆ. ಹಾಗಾದರೆ ಇವರ ಕೆಲಸ ಏಕೆ ಹೋಗುತ್ತದೆ? 2014ರಿಂದ 2016ರವರೆಗೆ ನಡೆದ ದೊಡ್ಡ ಕುಸಿತವನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ.

ಬೆಲೆ ಬಿದ್ದದ್ದು ಹೇಗೆ?

ಕಚ್ಚಾ ತೈಲವನ್ನು ಬ್ಯಾರೆಲ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಬೆಲೆ ಬರುತ್ತವೆ. ಬ್ರೆಂಟ್ ಎಂಬುದು ಯುರೋಪಿನ ಉತ್ತರ ಸಮುದ್ರದ ತೈಲದ ಬೆಲೆ. ಜಗತ್ತಿನ ಹೆಚ್ಚಿನ ವ್ಯಾಪಾರ ಅದನ್ನು ನೋಡಿಕೊಂಡೇ ನಡೆಯುತ್ತದೆ. ಡಬ್ಲ್ಯುಟಿಐ ಎಂಬುದು ಅಮೆರಿಕದ ತೈಲದ ಬೆಲೆ.

2014ರ ಜೂನ್‌ನಲ್ಲಿ ಬ್ರೆಂಟ್ ಬೆಲೆ ಸುಮಾರು 115 ಡಾಲರ್ ಇತ್ತು. 2016ರ ಜನವರಿ ಹೊತ್ತಿಗೆ 30 ಡಾಲರ್‌ಗಿಂತ ಕೆಳಗೆ ಬಂತು. ಒಂದೂವರೆ ವರ್ಷದಲ್ಲಿ ಮುಕ್ಕಾಲು ಪಾಲು ಹೋಯಿತು.

ಅದಕ್ಕೆ ಮುಖ್ಯ ಕಾರಣ ಮಾರುಕಟ್ಟೆಗೆ ತೈಲ ಜಾಸ್ತಿ ಬಂದದ್ದು. ಅಮೆರಿಕದಲ್ಲಿ ಶೇಲ್ ಎಂಬ ಗಟ್ಟಿ ಬಂಡೆಯ ಪದರಗಳಲ್ಲಿ ತೈಲ ಸಿಕ್ಕಿಕೊಂಡಿರುತ್ತದೆ. ಅಡ್ಡಡ್ಡವಾಗಿ ಬಾವಿ ಕೊರೆದು, ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಬಿರುಕು ಬಿಡಿಸಿದರೆ ಆ ತೈಲ ಹೊರಗೆ ಬರುತ್ತದೆ. ಈ ವಿಧಾನ ಹಿಡಿದು ಅಮೆರಿಕ ತನ್ನ ಉತ್ಪಾದನೆಯನ್ನು 2008ರಲ್ಲಿದ್ದ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್‌ನಿಂದ 2015ರಲ್ಲಿ 90 ಲಕ್ಷ ದಾಟಿಸಿತು. ಬೆಲೆ ಇಳಿಯತೊಡಗಿದಾಗ ತೈಲ ದೇಶಗಳ ಕೂಟವಾದ ಒಪೆಕ್ ಉತ್ಪಾದನೆ ತಗ್ಗಿಸುತ್ತದೆ ಎಂದು ಎಲ್ಲರೂ ಕಾದರು. 2014ರ ನವೆಂಬರ್ 27ರಂದು ವಿಯೆನ್ನಾದಲ್ಲಿ ಸಭೆ ಸೇರಿದ ಒಪೆಕ್ ತಗ್ಗಿಸುವುದಿಲ್ಲ ಎಂದು ತೀರ್ಮಾನಿಸಿತು. ಬೆಲೆ ಇನ್ನೂ ಜಾರಿತು.

ತೈಲ ನಿಲ್ಲುವುದಿಲ್ಲ, ಕೊರೆಯುವುದು ನಿಲ್ಲುತ್ತದೆ

ಅಡಿಕೆ ದರ ಬಿದ್ದ ವರ್ಷ ತೋಟದಲ್ಲಿ ಏನಾಗುತ್ತದೆ ನೋಡಿ. ಫಸಲು ಕೊಡುವ ಮರವನ್ನು ಯಾರೂ ಕಡಿಯುವುದಿಲ್ಲ. ಬಂದಷ್ಟು ಬರಲಿ ಎಂದು ಕೊನೆ ತೆಗೆಸುತ್ತಾರೆ, ಸುಲಿಸುತ್ತಾರೆ, ಮಂಡಿಗೆ ಕಳಿಸುತ್ತಾರೆ. ಆದರೆ ಪಕ್ಕದ ಎರಡು ಎಕರೆಗೆ ಹೊಸದಾಗಿ ಸಸಿ ಹಾಕುವ ಯೋಚನೆಯನ್ನು ಕೈಬಿಡುತ್ತಾರೆ. ಆಗ ಕೆಲಸ ತಪ್ಪುವುದು ಜೆಸಿಬಿಯವರಿಗೆ, ಗುಂಡಿ ತೆಗೆಯುವವರಿಗೆ, ಸಸಿ ಮಾರುವವರಿಗೆ, ಪೈಪ್ ಹಾಕುವವರಿಗೆ. ಮಂಡಿಗೆ ಬರುವ ಅಡಿಕೆ ಮಾತ್ರ ಹೆಚ್ಚೂಕಡಿಮೆ ಮೊದಲಿನಷ್ಟೇ.

ತೈಲದ ಬಾವಿಯೂ ಹೀಗೇ. ಕೊರೆಯುವ ಖರ್ಚು ಒಮ್ಮೆ ಆಗಿಹೋದರೆ, ಆಮೇಲೆ ತೈಲ ಎತ್ತಲು ಬೇಕಾದ ದುಡ್ಡು ಕಡಿಮೆ. ಬೇಕಾದ ಜನವೂ ಕಡಿಮೆ. ಪಂಪು ತಿರುಗುತ್ತಿರುತ್ತದೆ, ಆಗಾಗ ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ. ಜನ ಬೇಕಾಗುವುದು ಹೊಸ ಬಾವಿ ಕೊರೆಯುವಾಗ. ಬೆಲೆ ಬಿದ್ದಾಗ ಕಂಪನಿಗಳು ಮೊದಲು ನಿಲ್ಲಿಸುವುದೂ ಅದನ್ನೇ.

ಒಂದು ವ್ಯತ್ಯಾಸ ಇದೆ. ಅಡಿಕೆ ಮರ ವರ್ಷಾನುಗಟ್ಟಲೆ ಫಸಲು ಕೊಡುತ್ತದೆ. ಶೇಲ್ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬಂದುಬಿಡುತ್ತದೆ. ಹಾಗಾಗಿ ಉತ್ಪಾದನೆಯನ್ನು ಇದ್ದ ಮಟ್ಟದಲ್ಲಿ ಉಳಿಸಿಕೊಳ್ಳಬೇಕೆಂದರೂ ಕೊರೆಯುತ್ತಲೇ ಇರಬೇಕು. ಶೇಲ್ ಊರುಗಳಲ್ಲಿ ಬೆಲೆ ಏರಿದಾಗ ಜನ ಅಷ್ಟೊಂದು ನುಗ್ಗುವುದು, ಬಿದ್ದಾಗ ಅಷ್ಟೇ ಬೇಗ ಖಾಲಿಯಾಗುವುದು ಇದೇ ಕಾರಣಕ್ಕೆ.

ವಿಲಿಸ್ಟನ್ ಎಂಬ ಊರು

ಅಮೆರಿಕದ ಉತ್ತರ ತುದಿಯಲ್ಲಿ, ಕೆನಡಾ ಗಡಿಯ ಹತ್ತಿರ, ನಾರ್ತ್ ಡಕೋಟಾ ಎಂಬ ರಾಜ್ಯವಿದೆ. ಗೋಧಿ ಬೆಳೆಯುವ, ಜನ ಕಡಿಮೆಯಿರುವ, ವಿಪರೀತ ಚಳಿಯ ರಾಜ್ಯ. ಅದರ ಪಶ್ಚಿಮ ಭಾಗದ ನೆಲದಡಿಯಲ್ಲಿ ಬಾಕನ್ ಎಂಬ ಶೇಲ್ ಪದರವಿದೆ. ಅದರ ನಡುವಿನ ಪೇಟೆ ವಿಲಿಸ್ಟನ್. 2010ರ ಜನಗಣತಿಯಲ್ಲಿ ಅಲ್ಲಿದ್ದವರು 14,716 ಮಂದಿ.

ತೈಲದ ಭರಾಟೆ ಶುರುವಾದ ಮೇಲೆ ಅಮೆರಿಕದ ಎಲ್ಲ ಕಡೆಯಿಂದ ಜನ ಬಂದರು. 2008ರ ಆರ್ಥಿಕ ಕುಸಿತದಲ್ಲಿ ಬೇರೆ ರಾಜ್ಯಗಳಲ್ಲಿ ಕೆಲಸ ಕಳೆದುಕೊಂಡಿದ್ದವರೇ ಅವರಲ್ಲಿ ಬಹಳ. ಮನೆಗಳು ಸಾಲಲಿಲ್ಲ. ಕಾರಿನಲ್ಲಿ ಮಲಗಿದರು, ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಮಲಗಿದರು. ಊರ ಹೊರಗೆ ಸಾಲು ಸಾಲು ಪೆಟ್ಟಿಗೆ ಮನೆಗಳ ಬಿಡಾರಗಳು ಎದ್ದವು. ಬಹುಪಾಲು ಗಂಡಸರೇ ಇದ್ದ ಅವುಗಳನ್ನು ಮ್ಯಾನ್ ಕ್ಯಾಂಪ್ ಎಂದು ಕರೆಯುತ್ತಿದ್ದರು. 2014ರ ಒಂದು ಸಮೀಕ್ಷೆಯಲ್ಲಿ ಚಿಕ್ಕ ಫ್ಲ್ಯಾಟ್‌ನ ಬಾಡಿಗೆಯಲ್ಲಿ ವಿಲಿಸ್ಟನ್ ಇಡೀ ಅಮೆರಿಕಕ್ಕೇ ಮೊದಲಾಯಿತು, ತಿಂಗಳಿಗೆ ಹತ್ತಿರ ಹತ್ತಿರ 2,400 ಡಾಲರ್. ನ್ಯೂಯಾರ್ಕ್ ಕೂಡ ಹಿಂದೆ ಬಿತ್ತು ಎಂದರೆ ನಗು ಬರುತ್ತದೆ, ಆದರೆ ಬಾಡಿಗೆ ಕಟ್ಟುವವರಿಗೆ ನಗು ಬರಲಿಕ್ಕಿಲ್ಲ.

ಇಷ್ಟು ದುಡ್ಡು ಬಂದದ್ದು ಎಲ್ಲಿಂದ? ಕೊರೆಯುವ ಕೆಲಸದಿಂದ. ಬಾವಿ ಕೊರೆಯುವ ಎತ್ತರದ ಯಂತ್ರಕ್ಕೆ ರಿಗ್ ಎನ್ನುತ್ತಾರೆ. ಒಂದು ರಿಗ್ ಓಡುತ್ತಿದ್ದರೆ ಸುಮಾರು 120 ಜನರಿಗೆ ಕೆಲಸ ಎಂಬುದು ಅಲ್ಲಿನ ಅಧಿಕಾರಿಗಳ ಲೆಕ್ಕ. ಒಂದು ಬಾವಿ ತಯಾರಾಗುವ ಹೊತ್ತಿಗೆ ನೀರು, ಮರಳು, ಪೈಪು ಹೊತ್ತ ಲಾರಿಗಳು ಸುಮಾರು 2,000 ಟ್ರಿಪ್ ಹೊಡೆಯುತ್ತವೆ. ಲಾರಿಗೆ ಡ್ರೈವರ್ ಬೇಕು. ಡ್ರೈವರ್‌ಗೆ ಊಟ, ಬಟ್ಟೆ ಒಗೆಯುವ ಅಂಗಡಿ, ಮಲಗಲು ಜಾಗ ಬೇಕು. ಲಾರಿಗೆ ಟೈರು, ಗ್ಯಾರೇಜು ಬೇಕು. ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ಹೊಸಬರಿಗೇ ಗಂಟೆಗೆ 17 ಡಾಲರ್ ಕೊಡುತ್ತಿದ್ದರು. ಅಷ್ಟು ಕೊಡದಿದ್ದರೆ ಅವರೂ ಲಾರಿ ಹತ್ತಿ ಹೋಗುತ್ತಿದ್ದರು.

ಈಗ ಕುಸಿತಕ್ಕೆ ಬರೋಣ. 2014ರ ಕೊನೆಯ ಭಾಗದಲ್ಲಿ ನಾರ್ತ್ ಡಕೋಟಾದಲ್ಲಿ ಸುಮಾರು 190 ರಿಗ್‌ಗಳು ಓಡುತ್ತಿದ್ದವು. 2016ರ ಮೇ ಹೊತ್ತಿಗೆ 30 ಕೂಡ ಇರಲಿಲ್ಲ. ಅದೇ ಅವಧಿಯಲ್ಲಿ ರಾಜ್ಯದ ತೈಲ ಉತ್ಪಾದನೆ ಎಷ್ಟು ಇಳಿಯಿತು? 2014ರ ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 12 ಲಕ್ಷ ಬ್ಯಾರೆಲ್ ಬರುತ್ತಿತ್ತು. 2016ರ ಆಗಸ್ಟ್‌ನಲ್ಲೂ ಹತ್ತಿರ ಹತ್ತಿರ 10 ಲಕ್ಷ ಬರುತ್ತಿತ್ತು. ನೂರಕ್ಕೆ 85ರಷ್ಟು ರಿಗ್‌ಗಳು ಹೋದವು, ತೈಲ ಮಾತ್ರ ನೂರಕ್ಕೆ 20ರಷ್ಟು ಕಡಿಮೆಯಾಯಿತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಊರಿನ ಲಾರಿ, ಹೋಟೆಲ್, ಬಾಡಿಗೆ ಮನೆ ಎಲ್ಲ ಸಿಕ್ಕಿಕೊಂಡವು.

ಹೊಸ ಫ್ಲ್ಯಾಟ್‌ಗಳು ಕಟ್ಟಿ ಮುಗಿದದ್ದು ಸರಿಯಾಗಿ ಆಗಲೇ. ಬೆಲೆ ಏರಿದ್ದಾಗ ಪಾಯ ಹಾಕಿದ್ದು, ಬಿದ್ದ ಮೇಲೆ ಬಾಗಿಲು ತೆರೆಯಿತು. ಬಾಡಿಗೆ ಎಷ್ಟೋ ಕಡೆ ಅರ್ಧಕ್ಕೆ ಬಂತು. ಆದರೂ ಬಾಡಿಗೆದಾರರು ಸಿಗಲಿಲ್ಲ. 2015ರ ಕೊನೆಗೆ ನಗರಾಡಳಿತ ಊರಿನ ಮ್ಯಾನ್ ಕ್ಯಾಂಪ್‌ಗಳನ್ನೇ ಮುಚ್ಚಿಸುವ ತೀರ್ಮಾನ ಮಾಡಿತು. ಉಳಿದ ಕಾರ್ಮಿಕರಾದರೂ ಖಾಲಿ ಫ್ಲ್ಯಾಟು, ಹೋಟೆಲುಗಳಿಗೆ ಬರಲಿ ಎಂಬ ಲೆಕ್ಕ ಅದರ ಹಿಂದಿತ್ತು. ಕೆಲವೇ ವರ್ಷ ಹಿಂದೆ ಅದೇ ಊರು ಮಲಗಲು ಜಾಗವಿಲ್ಲದೆ ಒದ್ದಾಡಿತ್ತು.

ಎಲ್ಲರೂ ಅತ್ತರು ಎಂದು ತಿಳಿಯಬೇಡಿ. ಮನೆ ಬಾಡಿಗೆ ತಾಳಲಾರದೆ ಇದ್ದ ಶಿಕ್ಷಕರಿಗೆ, ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಉಸಿರು ಬಂತು. ತೈಲದ ರೈಲುಗಳ ದಟ್ಟಣೆಯಿಂದ ಗೋಧಿ ಸಾಗಿಸಲು ತಿಂಗಳುಗಟ್ಟಲೆ ಕಾದಿದ್ದ ರೈತರಿಗೆ ವ್ಯಾಗನ್‌ಗಳು ಸಿಗತೊಡಗಿದವು. ಅವರ ಟ್ರ್ಯಾಕ್ಟರ್‌ಗೆ ಡೀಸೆಲ್ ಕೂಡ ಅಗ್ಗವಾಯಿತು. ಆದರೆ ಅಮೆರಿಕದಲ್ಲಿ ನೆಲದಡಿಯ ತೈಲದ ಹಕ್ಕು ಖಾಸಗಿಯವರಲ್ಲೂ ಇರಬಹುದು. ಅಂಥ ರೈತರಿಗೆ ಕಂಪನಿಗಳು ರಾಯಲ್ಟಿ ಎಂಬ ಪಾಲು ಕೊಡುತ್ತವೆ. ಅವರ ಚೆಕ್ ಬೆಲೆಯ ಜೊತೆಗೇ ಚಿಕ್ಕದಾಯಿತು.

ಸರ್ಕಾರದ ಗಲ್ಲಾಪೆಟ್ಟಿಗೆ

ತೈಲದ ಮೇಲಿನ ತೆರಿಗೆಯನ್ನು ಅಲ್ಲಿ ಬ್ಯಾರೆಲ್ ಎಣಿಸಿ ಹಾಕುವುದಿಲ್ಲ, ತೈಲದ ಬೆಲೆಯ ಮೇಲೆ ಶೇಕಡಾ ಇಷ್ಟು ಎಂದು ಹಾಕುತ್ತಾರೆ. ಅಂದರೆ ಒಂದು ಹನಿ ತೈಲ ಕಡಿಮೆಯಾಗದಿದ್ದರೂ, ಬೆಲೆ ಅರ್ಧವಾದರೆ ತೆರಿಗೆಯೂ ಅರ್ಧ. ಅದರ ಮೇಲೆ ಪೈಪು, ಯಂತ್ರ, ಊಟ, ಪೀಠೋಪಕರಣಗಳ ಮಾರಾಟ ತೆರಿಗೆಯೂ ಬೀಳುತ್ತದೆ. ಖರ್ಚು ಮಾತ್ರ ಇಳಿಯುವುದಿಲ್ಲ. ಜನ ಬರುತ್ತಾರೆಂದು ಸಾಲ ಮಾಡಿ ರಸ್ತೆ, ಒಳಚರಂಡಿ, ಶಾಲೆ ಕಟ್ಟಿರುತ್ತಾರೆ. ಜನ ಹೋದರೂ ಸಾಲದ ಕಂತು ಹೋಗುವುದಿಲ್ಲ. 1980ರ ದಶಕದ ಕುಸಿತದಲ್ಲೂ ವಿಲಿಸ್ಟನ್ ಇದೇ ಪಾಡು ಪಟ್ಟಿತ್ತು. ಮನೆಗಳೇ ಏಳದ ಬಡಾವಣೆಗಳಿಗೆ ಹಾಕಿದ್ದ ರಸ್ತೆ, ಪೈಪುಗಳ ಸಾಲವನ್ನು ಊರಿನವರು ವರ್ಷಗಳ ಕಾಲ ತೀರಿಸಬೇಕಾಯಿತು.

2016ರ ಫೆಬ್ರವರಿಯಲ್ಲಿ ರಾಜ್ಯಪಾಲ ಜಾಕ್ ಡಾಲ್ರಿಂಪಲ್ ಸರ್ಕಾರಿ ಇಲಾಖೆಗಳ ಖರ್ಚಿಗೆ ಶೇ. 4.05 ಕತ್ತರಿ ಹಾಕಿದರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿಯ ಜಾಗ ಅದು.) ತೈಲದ ಬಾವಿಯನ್ನೇ ಕಾಣದ ರಾಜ್ಯದ ಪೂರ್ವ ಭಾಗದ ಕಾಲೇಜುಗಳಿಗೂ ಬಿಸಿ ತಟ್ಟಿದ್ದು ಹೀಗೆ.

ಒಂದು ವಿಷಯದಲ್ಲಿ ರಾಜ್ಯ ಮುಂದಾಲೋಚನೆ ಮಾಡಿತ್ತು. 2010ರಲ್ಲಿ ಜನಮತ ಪಡೆದು ಲೆಗಸಿ ಫಂಡ್ ಎಂಬ ನಿಧಿ ಮಾಡಿ, ತೈಲ ತೆರಿಗೆಯ ಶೇ. 30ನ್ನು ಅದಕ್ಕೆ ಹಾಕತೊಡಗಿತ್ತು. 2017ರವರೆಗೆ ಅದನ್ನು ಮುಟ್ಟುವಂತಿರಲಿಲ್ಲ. ಇದೇ ದಾರಿಯಲ್ಲಿ ಬಹಳ ದೂರ ಹೋದ ದೇಶ ನಾರ್ವೆ. 1990ರಲ್ಲಿ ನಿಧಿ ಸ್ಥಾಪಿಸಿ, ತೈಲದ ಆದಾಯವನ್ನು ಹೊರದೇಶಗಳ ಷೇರು, ಬಾಂಡುಗಳಲ್ಲಿ ತೊಡಗಿಸಿತು. 2017ರಲ್ಲಿ ಅದು 1 ಲಕ್ಷ ಕೋಟಿ ಡಾಲರ್ ದಾಟಿತು. ಸರ್ಕಾರ ವರ್ಷಕ್ಕೆ ಅದರಿಂದ ಶೇ. 3ರಷ್ಟನ್ನು ಮಾತ್ರ ಬಳಸಬೇಕು ಎಂಬುದು ಅಲ್ಲಿನ ಈಗಿನ ನಿಯಮ. ಹಾಗೆಂದು ನಾರ್ವೆಯ ತೈಲ ನಗರಿ ಸ್ಟಾವಂಗರ್‌ನಲ್ಲಿ ಆ ಕುಸಿತದಲ್ಲಿ ಕೆಲಸಗಳು ಹೋಗಲಿಲ್ಲ ಎಂದಲ್ಲ. ನಿಧಿ ಕಾಪಾಡುವುದು ಸರ್ಕಾರದ ಬಜೆಟ್ಟನ್ನು. ಇಂಜಿನಿಯರ್ ಕೆಲಸವನ್ನು ಅದು ಕಾಪಾಡಲಾರದು.

ಕೆಲಸ ಹೋದವರು ಲೆಕ್ಕದಲ್ಲಿ ಏಕೆ ಕಾಣುವುದಿಲ್ಲ?

ಇಷ್ಟೆಲ್ಲ ಆದರೂ 2016ರಲ್ಲಿ ನಾರ್ತ್ ಡಕೋಟಾದ ನಿರುದ್ಯೋಗ ಪ್ರಮಾಣ ಶೇ. 3ರ ಆಸುಪಾಸಿನಲ್ಲೇ ಇತ್ತು. ಇಡೀ ಅಮೆರಿಕದ ಸರಾಸರಿಗಿಂತ ಕಡಿಮೆ. ಇದು ಹೇಗೆ ಸಾಧ್ಯ?

ಕೆಲಸ ಹೋದವರು ಅಲ್ಲಿ ಉಳಿಯಲಿಲ್ಲ, ಅಷ್ಟೇ. ಟೆಕ್ಸಾಸ್, ಇಡಾಹೊ ಎಂದು ತಮ್ಮ ತಮ್ಮ ಊರಿಗೆ ಗಾಡಿ ಹತ್ತಿದರು. ನಿರುದ್ಯೋಗದ ಲೆಕ್ಕ ಆ ರಾಜ್ಯದಲ್ಲಿ ಇರುವವರದ್ದು. ಹೋದವರು ಆ ಲೆಕ್ಕದಿಂದಲೂ ಹೋದರು. ಹೊರಗಿನವರ ದುಡಿಮೆಯ ಮೇಲೆ ನಿಂತ ತೈಲ ಪ್ರದೇಶದ ದೊಡ್ಡ ಗುಟ್ಟು ಇದು. ಏಟು ಬೀಳುವುದು ಒಂದು ಕಡೆ, ಬಾವು ಕಾಣುವುದು ಇನ್ನೊಂದು ಕಡೆ.

ಕೊಲ್ಲಿ ದೇಶಗಳಲ್ಲಿ ಇದು ಇನ್ನೂ ಖಡಕ್. ಟೆಕ್ಸಾಸಿನವರು ಕೆಲಸವಿಲ್ಲದೆಯೂ ವಿಲಿಸ್ಟನ್‌ನಲ್ಲಿ ಕೂರಬಹುದಿತ್ತು. ಸೌದಿಯಲ್ಲಿ ಹಾಗಿಲ್ಲ. ಅಲ್ಲಿ ವಾಸದ ಪರವಾನಗಿ, ಅಂದರೆ ಇಕಾಮಾ, ಕೆಲಸ ಕೊಟ್ಟವರಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಬೇರೆ ಕೆಲಸ ಸಿಗಬೇಕು, ಇಲ್ಲವೇ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೊರಡುವುದು. ಆ ನಿರುದ್ಯೋಗ ರಿಯಾದ್‌ನ ಅಂಕಿಅಂಶದಲ್ಲಿ ಕಾಣುವುದಿಲ್ಲ. ಭಟ್ಕಳದಲ್ಲಿ, ಕುಂದಾಪುರದಲ್ಲಿ, ಮಲಪ್ಪುರಂನಲ್ಲಿ ಕಾಣುತ್ತದೆ.

ಸೌದಿಯಲ್ಲಿ ಏಟು ಬೀಳುವ ದಾರಿ ಬೇರೆ

ಸೌದಿಯ ತೈಲ ತೆಗೆಯುವುದು ಬಲು ಅಗ್ಗ, ಬ್ಯಾರೆಲ್‌ಗೆ 10 ಡಾಲರ್ ಕೂಡ ಹಿಡಿಯುವುದಿಲ್ಲ ಎಂಬುದು ಸಾಮಾನ್ಯ ಅಂದಾಜು. ಹಾಗಾದರೆ 30 ಡಾಲರ್‌ಗೂ ಅವರಿಗೆ ಲಾಭವೇ ಅಲ್ವಾ? ಕಂಪನಿಯ ಲೆಕ್ಕದಲ್ಲಿ ಹೌದು. ಆದರೆ ದೇಶದ ಲೆಕ್ಕ ಬೇರೆ. ಸರ್ಕಾರಿ ಸಂಬಳ, ಸಬ್ಸಿಡಿ, ಆಸ್ಪತ್ರೆ, ಸೈನ್ಯ, ಹೊಸ ನಗರ, ಮೆಟ್ರೊ ಎಲ್ಲಕ್ಕೂ ತೈಲದ ದುಡ್ಡೇ ಆಧಾರ. ಬಜೆಟ್ ಸರಿತೂಗಲು ತೈಲ ಎಷ್ಟಕ್ಕೆ ಮಾರಬೇಕು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಲೆಕ್ಕ ಹಾಕುತ್ತದೆ. ಆ ಹೊತ್ತಿಗೆ ಸೌದಿಗೆ ಅದು ಸುಮಾರು 100 ಡಾಲರ್ ಇತ್ತು. ತೆಗೆಯುವ ಖರ್ಚು ಮತ್ತು ದೇಶ ನಡೆಸುವ ಖರ್ಚು, ಇವೆರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಕೊಲ್ಲಿಯ ಕಥೆ ಸುಲಭವಾಗಿ ತಿಳಿಯುತ್ತದೆ.

2015ರಲ್ಲಿ ಸೌದಿ ಬಜೆಟ್‌ನ ಕೊರತೆ 367 ಶತಕೋಟಿ ರಿಯಾಲ್ ಎಂದು ಸರ್ಕಾರವೇ ಹೇಳಿತು. ವಿಲಿಸ್ಟನ್‌ನಲ್ಲಿ ಕೊರೆಯುವ ಕಂಪನಿಗಳು ದುಡ್ಡು ಹಿಡಿದುಕೊಂಡರೆ, ಇಲ್ಲಿ ಹಿಡಿದುಕೊಂಡದ್ದು ಸರ್ಕಾರ. ಹೊಸ ಕಾಮಗಾರಿಗಳು ನಿಧಾನವಾದವು. ಗುತ್ತಿಗೆದಾರರಿಗೆ ಕೊಡಬೇಕಾದ ಹಣ ತಿಂಗಳುಗಟ್ಟಲೆ ಬಾಕಿ ಉಳಿಯಿತು. ದೊಡ್ಡ ಕಟ್ಟಡ ಕಂಪನಿಗಳು ಕಾರ್ಮಿಕರಿಗೆ ಸಂಬಳ ನಿಲ್ಲಿಸಿದವು. 2016ರ ಜುಲೈ ಕೊನೆಗೆ ಜಿದ್ದಾ ಸುತ್ತಮುತ್ತಲಿನ ಕ್ಯಾಂಪ್‌ಗಳಲ್ಲಿ ಭಾರತದ ಕಾರ್ಮಿಕರು ಊಟಕ್ಕೂ ಗತಿಯಿಲ್ಲದೆ ಸಿಲುಕಿದ ಸುದ್ದಿ ಬಂತು. ಆಗ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಸಂಕಷ್ಟದಲ್ಲಿರುವವರು 10,000ಕ್ಕೂ ಹೆಚ್ಚು ಎಂದರು. ಜಿದ್ದಾದ ಭಾರತೀಯ ಕಾನ್ಸುಲೇಟ್ ಊಟ ಹಂಚಿತು. ಸಚಿವ ವಿ.ಕೆ. ಸಿಂಗ್ ಅಲ್ಲಿಗೆ ಹೋದರು. ಅಂಥ ಕಂಪನಿಗಳಲ್ಲಿ ಒಂದಾದ ಸೌದಿ ಓಜರ್ 2017ರಲ್ಲಿ ಬಾಗಿಲನ್ನೇ ಮುಚ್ಚಿತು.

ಕೆಲಸ ಉಳಿದವರಿಗೂ ಖರ್ಚು ಏರಿತು. ಸರ್ಕಾರ ಆದಾಯಕ್ಕೆ ಬೇರೆ ದಾರಿ ಹುಡುಕಿತು. 2015ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಪೆಟ್ರೋಲ್ ದರ ಏರಿಸಿತು. 2017ರ ಜುಲೈನಿಂದ, ಹೊರಗಿನವರು ಜೊತೆಗೆ ಇಟ್ಟುಕೊಂಡ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷಕ್ಕೆ ನೂರು ನೂರರಂತೆ ಏರುತ್ತಾ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದವರು ತಿಂಗಳಿಗೆ 1,200 ರಿಯಾಲ್ ಕಟ್ಟಬೇಕು. ಅನೇಕರು ಸಂಸಾರವನ್ನು ಊರಿಗೆ ಕಳಿಸಿ ತಾವು ಬ್ಯಾಚುಲರ್ ರೂಮಿಗೆ ಸೇರಿದರು. ಕರಾವಳಿಯ ಶಾಲೆಗಳಿಗೆ ವರ್ಷದ ಮಧ್ಯೆ ಬಂದು ಸೇರಿದ ಎಷ್ಟೋ ಮಕ್ಕಳ ಹಿಂದಿನ ಲೆಕ್ಕ ಇದು.

ವಿಶ್ವಬ್ಯಾಂಕಿನ ಪ್ರಕಾರ ಹೊರದೇಶದಲ್ಲಿರುವವರು ಭಾರತಕ್ಕೆ ಕಳಿಸಿದ ಹಣ 2014ರಲ್ಲಿ ಸುಮಾರು 7,000 ಕೋಟಿ ಡಾಲರ್ ಇದ್ದದ್ದು 2016ರಲ್ಲಿ ಸುಮಾರು 6,300 ಕೋಟಿಗೆ ಇಳಿಯಿತು. ಕೊಲ್ಲಿಯ ಮಂದಗತಿ ಅದರ ಮುಖ್ಯ ಕಾರಣಗಳಲ್ಲಿ ಒಂದು.

ನಮ್ಮ ಬಂಕಿನಲ್ಲಿ ದರ ಏಕೆ ಇಳಿಯಲಿಲ್ಲ?

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕಿಂತ ಜಾಸ್ತಿಯನ್ನು ಹೊರಗಿನಿಂದ ತರಿಸುತ್ತದೆ. ಕುಸಿತ ನಮಗೆ ದೊಡ್ಡ ಉಳಿತಾಯವೇ. ಆದರೆ 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಕೇಂದ್ರ ಸರ್ಕಾರ ಒಂಬತ್ತು ಬಾರಿ ಅಬಕಾರಿ ಸುಂಕ ಏರಿಸಿತು. ಪೆಟ್ರೋಲ್ ಮೇಲೆ ಲೀಟರಿಗೆ ಒಟ್ಟು 11.77 ರೂಪಾಯಿ, ಡೀಸೆಲ್ ಮೇಲೆ 13.47 ರೂಪಾಯಿ. ಕುಸಿತದ ಲಾಭದ ದೊಡ್ಡ ಪಾಲು ಬಂಕಿಗೆ ಬರುವ ಮೊದಲೇ ಖಜಾನೆಗೆ ಹೋಯಿತು.

ಕರಾವಳಿಗೆ ಇನ್ನೊಂದು ನೇರ ನಂಟೂ ಇದೆ. ಮಂಗಳೂರಿನಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು ದೇಶದ ತುರ್ತು ತೈಲ ಸಂಗ್ರಹಾಗಾರ ಮಾಡಿದ್ದಾರೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಹಿಡಿಯುತ್ತದೆ. 2020ರಲ್ಲಿ ಕೊರೊನಾ ಬಂದು ಜಗತ್ತು ಮನೆಯೊಳಗೆ ಕೂತಾಗ ಬೆಲೆ ಮತ್ತೆ ಕುಸಿಯಿತು. ಆಗ ಸರ್ಕಾರ ಅಗ್ಗದ ತೈಲ ಕೊಂಡು ಇವುಗಳನ್ನು ತುಂಬಿಸಿತು.

ಆ ವರ್ಷ ಏಪ್ರಿಲ್ 20ರಂದು ಡಬ್ಲ್ಯುಟಿಐ ಬೆಲೆ ಸೊನ್ನೆಗಿಂತ 37.63 ಡಾಲರ್ ಕೆಳಗೆ ಹೋದದ್ದು ನೆನಪಿರಬಹುದು. ಅದು ಮೇ ತಿಂಗಳಲ್ಲಿ ಕೈಗೆ ಬರಬೇಕಾದ ತೈಲದ ಒಪ್ಪಂದದ ಬೆಲೆ. ಆ ಒಪ್ಪಂದದ ಅವಧಿ ಮುಗಿಯಲು ಒಂದೇ ದಿನ ಇತ್ತು. ತೈಲ ಒಪ್ಪಿಸುವ ಜಾಗವಾದ ಓಕ್ಲಹೊಮಾದ ಕುಶಿಂಗ್‌ನಲ್ಲಿ ಟ್ಯಾಂಕ್‌ಗಳಲ್ಲಿ ಜಾಗ ಸಿಗುತ್ತಿರಲಿಲ್ಲ. ಕಾಗದದ ಮೇಲೆ ತೈಲ ಕೊಂಡವರು ಅದನ್ನು ಇಡಲು ಜಾಗವಿಲ್ಲದೆ, ತಾವೇ ದುಡ್ಡು ಕೊಟ್ಟು ಕೈ ತೊಳೆದುಕೊಂಡರು. ಬ್ರೆಂಟ್ ಹಾಗೆ ಸೊನ್ನೆಗಿಂತ ಕೆಳಗೆ ಹೋಗಲಿಲ್ಲ.

ಬೆಲೆ ಮತ್ತೆ ಏರಿದರೆ ಕೆಲಸವೂ ಬರುತ್ತದೆಯೇ?

ಅಷ್ಟೇ ಪ್ರಮಾಣದಲ್ಲಿ ಬರುವುದಿಲ್ಲ. 2016ರ ಕೊನೆಗೆ ಒಪೆಕ್ ರಷ್ಯಾ ಮುಂತಾದ ದೇಶಗಳ ಜೊತೆ ಸೇರಿ ಉತ್ಪಾದನೆ ತಗ್ಗಿಸಲು ಒಪ್ಪಿತು. ಬೆಲೆ ಚೇತರಿಸಿಕೊಂಡಿತು, ಬಾಕನ್‌ಗೂ ಜೀವ ಬಂತು. 2019ರ ಕೊನೆಗೆ ನಾರ್ತ್ ಡಕೋಟಾ ದಿನಕ್ಕೆ ಸುಮಾರು 15 ಲಕ್ಷ ಬ್ಯಾರೆಲ್ ತೆಗೆಯಿತು. ಅದು ಆ ರಾಜ್ಯದ ದಾಖಲೆ. ಆದರೆ ಆಗ ಓಡುತ್ತಿದ್ದ ರಿಗ್‌ಗಳು ಅರವತ್ತಕ್ಕಿಂತಲೂ ಕಡಿಮೆ, 2014ರಲ್ಲಿ ಇದ್ದುದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಕಷ್ಟದ ಎರಡು ವರ್ಷಗಳಲ್ಲಿ ಕಂಪನಿಗಳು ಬಾವಿಯನ್ನು ಬೇಗ ಕೊರೆಯಲು, ಒಂದೇ ಜಾಗದಿಂದ ಹಲವು ಬಾವಿ ಇಳಿಸಲು, ಒಂದೊಂದರಿಂದ ಜಾಸ್ತಿ ತೈಲ ತೆಗೆಯಲು ಕಲಿತಿದ್ದವು. ಒಂದು ರಿಗ್‌ಗೆ 120 ಜನ ಎಂಬ ಹಳೆಯ ಲೆಕ್ಕ ಹಿಡಿದು ನೋಡಿದರೆ ಎಷ್ಟು ಕೆಲಸಗಳು ಮರಳಿ ಬರಲಿಲ್ಲ ಎಂದು ಅಂದಾಜು ಸಿಗುತ್ತದೆ.

ವಿಲಿಸ್ಟನ್ ಮಾತ್ರ ಖಾಲಿಯಾಗಲಿಲ್ಲ. 2020ರ ಜನಗಣತಿಯಲ್ಲಿ ಅಲ್ಲಿ 29,160 ಮಂದಿ ಇದ್ದರು. ಹತ್ತು ವರ್ಷದ ಹಿಂದಿನದಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು. ಕ್ಯಾಂಪಿನ ಒಂಟಿ ಗಂಡಸರು ಹೊರಟುಹೋದರೂ, ಬಾಡಿಗೆ ಇಳಿದ ಮೇಲೆ ಸಂಸಾರ ಸಮೇತ ನೆಲೆ ನಿಂತವರು ಉಳಿದರು. ಆದ್ದರಿಂದ ತೈಲದ ಊರಿನ ಸ್ಥಿತಿ ತಿಳಿಯಬೇಕಾದರೆ ಬ್ಯಾರೆಲ್ ಬೆಲೆ ಒಂದನ್ನೇ ನೋಡಿದರೆ ಸಾಲದು. ಅಮೆರಿಕದಲ್ಲಿ ಎಷ್ಟು ರಿಗ್‌ಗಳು ಓಡುತ್ತಿವೆ ಎಂಬ ಎಣಿಕೆಯನ್ನು ಬೇಕರ್ ಹ್ಯೂಸ್ ಎಂಬ ಕಂಪನಿ ವಾರಕ್ಕೊಮ್ಮೆ ಪ್ರಕಟಿಸುತ್ತದೆ. ಅಲ್ಲಿನವರು ಮೊದಲು ನೋಡುವುದು ಅದನ್ನು. ಕೊಲ್ಲಿಯ ಮಟ್ಟಿಗೆ ಅಂಥ ವಾರದ ಎಣಿಕೆ ಸಾಲುವುದಿಲ್ಲ. ಅಲ್ಲಿ ನೋಡಬೇಕಾದದ್ದು ಡಿಸೆಂಬರ್ ಆಸುಪಾಸಿನಲ್ಲಿ ಬರುವ ಸೌದಿ ಬಜೆಟ್ಟನ್ನು, ಅದರಲ್ಲೂ ಹೊಸ ಕಾಮಗಾರಿಗಳಿಗೆ ಇಟ್ಟ ಹಣವನ್ನು.